ಹನ್ನೊಂದನೇ ಟೇಕು

ರಾತ್ರಿ ರಸ್ತೆ ಹೊಳೀಬೇಕು ಅಂತ
ಎರಡು ಟ್ಯಾಂಕರ್ ತರಿಸಿದ್ರು ಸಿನಿಮಾದವ್ರು.
ಸೆಟ್ಲ್‌ಮೆಂಟಿನ್ಯಾಗ ನಳಾ ಬಂದು ಅವತ್ತಿಗೆ ಒಂಬತ್ತು ದಿನ.
ಡಾಂಬರಿಗೆ ನೀರು ಬಿಟ್ಟಿದ್ದಷ್ಟ ತಡ
ಕೊಡ, ಬಕೀಟು, ಪೇಂಟಿನ ಡಬ್ಬಿ ಹಿಡಕೊಂಡು
ಓಣಿಗೆ ಓಣೀನ ಹೊರಗ ಬಿತ್ತು.
ಗಂಗವ್ವಾಯಿ ಅಂತೂ ಪೈಪಿನ ಬಾಯಿ ಸೆರಗಿನಿಂದ ಬಿಗದ
ತನ್ನ ಹಂಡೇಕ್ಕ ತಿರವಿಕೊಂಡ್ಲು.
ಕಟ್ ಕಟ್ ಅಂತ ಬಡಕೊಂಡ ಡೈರೆಕ್ಟರು
ಆಮ್ಯಾಲ ಸುಮ್ಮನಾಗಿ, 'ನಡೀಲಿ, ತಕ್ಕೋರಿ' ಅಂದ.
ಈಗ ಪಿಚ್ಚರಿನ್ಯಾಗ ಅದು ಗಲಭೆ.
ನೀರಿಗೆ ಓಡಿದ ನಾವು
ಕಲ್ಲಿಗೆ ಓಡಿದಂಗ ಕಾಣತೇವಿ.

ನನ್ನ ತಮ್ಮ ಹುಲಿಗೇಶ
ಅದರಾಗ ಬ್ಲೇಡ್ ಸೀನ್ಯಾ.
ದಿನಕ್ಕ ಐದುನೂರು, ಎರಡು ಹೊತ್ತು ಪಲಾವು.
ಮಾತು ಮೂರ ಮೂರು: ಎರಡು ಬೈಗಳ, ಒಂದು 'ಅವ್ವಾ'.
'ಬೈಗಳಾ ಒಮ್ಮೆಗೇ ಓಕೆ ಆತಕ್ಕಾ,
ಅವ್ವಾ ಅನ್ನೂದ ಅವರಿಗೆ ಸರಿ ಬರವಲ್ತು' ಅಂದ.
ಅವರಿಗೆ ಬೇಕಾಗಿದ್ದು ಉದ್ದನ್ನ ಅವ್ವಾ,
ಎದಿ ಹರಿಯೂವಂಥಾದು.
ನಮ್ಮ ಮನ್ಯಾಗ ಅದು ಗಿಡ್ಡ ಐತಿ,
ಚಾವಿ ಎಲ್ಲೈತಿ ಅಂತ ಕೇಳಿದಂಗ.

ಹತ್ತು ಸಲ ಸತ್ತ,
ರೈಲ್ವೆ ಗ್ವಾಡಿ ಬಾಜೂಕ, ಬೀಟ್‌ರೂಟ್ ಬಣ್ಣದ ನೀರಿನ್ಯಾಗ.
ಪ್ರತಿ ಸಲ ಎದ್ದು, ಅಂಗಿ ಬದಲಿ ಮಾಡಿ, ಮತ್ತ ಸತ್ತ.
ಹನ್ನೊಂದನೇದು ಭಾರೀ ಆತು ಅಂತ ಎಲ್ಲಾರೂ ಚಪ್ಪಾಳಿ.
ಹನ್ನೊಂದನೇದಕ್ಕ ಅವಗ ಖರೇನ ನಿದ್ದಿ ಬಂದಿತ್ತು.

ಟಾಕೀಸಿಗೆ ಅವ್ವ ಬರಲಿಲ್ಲ.
ನಾನು, ತಮ್ಮ, ಇಸಾಕ, ತಿಪ್ಪ್ಯಾ, ಎಲ್ಲಾ ಬಾಲ್ಕನಿ.
ನಮ್ಮ ಹಸರ ಬಾಗಲಾ ಪರದೇ ಮ್ಯಾಲ ಕರ್ರಗ ಇತ್ತು.
ಬಿಸ್ಕೀಟು ತಿಂದು ಬಿಸಲಿಗೆ ಮಲಗೂ ನಮ್ಮ ನಾಯಿ ಸೈತ
ಯಾರನೋ ಕಡದು ಬಂದಂಗಿತ್ತು.
ತಮ್ಮ ಸಾಯೂ ಹೊತ್ತಿಗೆ
ಮುಂದಿನ ಸಾಲಿನ ವಿದ್ಯಾನಗರದ ಹುಡುಗ್ರು ಸೀಟಿ ಹೊಡದ್ರು.
ತಮ್ಮನೂ ಹೊಡದ.

ನಮ್ಮಜ್ಜ ಹೇಳತಿದ್ದ: ಬ್ರಿಟಿಷರ ಕಾಲಕ್ಕ
ಈ ಓಣಿ ಸುತ್ತ ತಂತಿ ಬೇಲಿ,
ಮುಂಜಾನೊಮ್ಮೆ ಸಂಜಿಗೊಮ್ಮೆ ಹಾಜರಿ.
ಕರದಾಗ 'ಅದೇನ್ರಿ' ಅನಬೇಕು.
ಅನ್ನದಿದ್ರ, ಎಲ್ಲೋ ಕಳುವಾಗೇತಿ ಅಂತ ಅರ್ಥ.
ಬೇಲಿ ಕಿತ್ತು ಎಷ್ಟೋ ವರ್ಷಾತು.

ಹ್ವಾದ ವಾರ ದುರ್ಗದಬೈಲ ಹಂತೇಲಿ
ಒಂದು ಮೊಬೈಲ್ ಅಂಗಡಿ ಶಟರ್ ಮುರದ್ರು.
ಹವಾಲ್ದಾರ ಸೀದಾ ನಮ್ಮ ಬಾಗಲಕ್ಕ ಬಂದ.
'ಪಿಚ್ಚರಿನ್ಯಾಗ ಶಟರ್ ಎತ್ತಿದಾಂವ ನೀನ ಅಲ್ಲೇನಲೇ?'
ಹೌದ್ರೀ ಅಂದ ತಮ್ಮ. ಖುಷಿಲೇ ಅಂದ.
ಓಣಿ ಹೊರಗಿನವ್ರು ಗುರುತು ಹಿಡದದ್ದು ಅದ ಮೊದಲು.
'ಹೆಂಗ ಎತ್ತಿದಿ, ತೋರಸು.'
ತೋರಿಸಿದ.

ಮೂರು ದಿನ ಇಟಗೊಂಡ್ರು.
ನೆನಪಿಗಂತ ತಂದಿಟ್ಟಿದ್ದ ಪಿಚ್ಚರಿನ ಚಾಕು
ಪಂಚನಾಮೇದಾಗ ಬರಕೊಂಡಾರ:
ಚಾಕು, ಒಂದು.
ರಬ್ಬರಿಂದು ಅಂತ ಬರದಿಲ್ಲ.
ಡೈರೆಕ್ಟರಿಗೆ ಫೋನ್ ಹಚ್ಚಿದೆ. ಯಾವನೋ ಎತ್ತಿದ,
ಸಾಹೇಬ್ರು ಮುಂದಿನ ಕತಿಗೆ ಕೂತಾರ ಅಂದ.

ನಿನ್ನೆ ಸಂಜಿಕ ಬಿಟ್ರು.
ಕುಂಟಕೋತ ಬಂದ, ಗ್ವಾಡಿ ಹಿಡಕೊಂಡು.
ಅವ್ವ ಕಟ್ಟಿ ಮ್ಯಾಲ ಅಕ್ಕಿ ಹಸನ ಮಾಡತಿದ್ಲು,
ಮರದಾಗಿನ ಕೈ ಹಂಗ ನಿಂತ್ವು.
ಅಂವ ಹೊಸ್ತಿಲದಾಗ ನಿಂತು 'ಅವ್ವಾ' ಅಂದ.
ಗಿಡ್ಡಂದು.
'ನಳಾ ಬಂದಾವೇನು?'
'ಇಲ್ಲ,' ಅಂದ್ಲು. 'ಇವತ್ತಿಗೆ ಆರು ದಿನ.'