ಒತ್ತಕ್ಷರ

ಅಕ್ಷರಕ್ಕ ಆರು ರೂಪಾಯಿ ಅಂತ ಮಾತಾತು.
ಒತ್ತಿಗೆ ಬೇರೆ ಕೊಡೋದಿಲ್ಲ, ಅಂದ್ರು ಸಾಹೇಬ್ರು,
ಅದು ಕೆಳಗಿರುತ್ತಲ್ಲ, ಮೇಲಿಂದರ ಲೆಕ್ಕದಲ್ಲೇ ಬಂತು.
ಹಂಗಾರ ‘ವಸ್ತುಸಂಗ್ರಹಾಲಯ’ ಅಂಬೋದರಾಗ
ಒಂದು ತಾವತ್ತು, ಒಂದು ರಾವತ್ತು ಪುಕ್ಕಟ.
ಬ್ರಶ್ ತೊಳಕೋತ ಹೂಂ ಅಂದೆ.

ಬೆಟಗೇರಿ ಹತ್ತಿ ಮಿಲ್ಲಿನಾಗ ಈಗ
ಊರಿನ ಇತಿಹಾಸ ಕುಂತೈತಿ.
ಬಾಯ್ಲರಿಗೆ ಕರೀ ಬಣ್ಣ. ಬೆಲ್ಟಿಲ್ಲದ ಗಾಲಿಗೆ ಬಲ್ಬು.
ಮೂಗು ಹೋದ ವೀರಗಲ್ಲು, ಯಾರೂ ಬಾರಿಸದ ಸ್ಟೇಶನ್ ಗಂಟಿ,
ಅಚ್ಚಿನ ಮೊಳಿ ಒಂದು ಡಬ್ಬಿ,
ಕಾಜಿನ ಹಿಂದ ಅರ್ಧಾ ನೇದ ಸೀರಿ.
ನೇಕಾರ ಎದ್ದು ಚಾ ಕುಡ್ಯಾಕ ಹೋದಂಗ ಐತಿ ಅದು.

ತೊಲಿಯೊಳಗ ಇನ್ನೂ ಅರಳಿ ಉಳದೈತಿ.
ಮಿಲ್ಲು ಬಂದಾಗಿ ಮೂವತ್ತೊಂದು ವರ್ಷ,
ಕಪ್ಪತಗುಡ್ಡದ ಕಡಿ ಗಾಳಿ ಹೊಕ್ಕರ ಸಾಕು
ಹಸೀ ಪೇಂಟಿನ ಮ್ಯಾಲೆ ಎಳಿ ಉದರತಾವು.
ಚಿಮಟಿಲೆ ತಗದೆ. ಮತ್ತ ಬಿತ್ತು. ತಗದೆ.
‘ತೂಕ’ದ ಕೊಂಬಿನಾಗ ಒಂದು ಅಂಟಿ ಉಳದ ಹೋತು.

ತೂಕದ ಕಲ್ಲು. ಬೀಡು ಕಬ್ಬಿಣ. ಹತ್ತು ಸೇರು. ಕಾಲ: ತಿಳಿಯದು.
ಇಪ್ಪತ್ತು ಅಕ್ಷರ, ಮೂರು ಒತ್ತು.
ಕೊಟ್ಟವರ ಹೆಸರು ಮಾತ್ರ ಮ್ಯಾಲೆ, ದಪ್ಪಗ, ಬಂಗಾರದ ಬಣ್ಣದಾಗ.

ಮೊದಲ ವಾರ ಟಿಕೀಟಿಲ್ಲಂತ ಬಂದಳು ಹೊಳಿಯವ್ವ ಬಾರಕೇರ.
ಚಪ್ಪಲಿ ಹೊರಗ ಬಿಟ್ಟಳು, ಯಾರೂ ಬಿಡು ಅಂದಿರಲಿಲ್ಲ.
ಗಂಟಿ ನೋಡಲಿಲ್ಲ, ಸೀರಿ ನೋಡಲಿಲ್ಲ,
ಕತ್ತಲಾಗ ತನ್ನ ಮನಿ ಬಚ್ಚಲಕ್ಕ ನಡದಂಗ
ನೆಟ್ಟಗ ನಡದು ತಕ್ಕಡಿ ಮುಂದ ನಿಂತಳು.
ಅಲ್ಲಿ ‘ಮುಟ್ಟಬೇಡಿ’ ಅಂತ ಐತಿ. ನಾನ ಬರದದ್ದು.
ಆಕಿಗೆ ಓದಾಕ ಬರೂದಿಲ್ಲ.

ಎರಡೂ ಕೈಲೆ ಕಲ್ಲು ಮಗ್ಗಲಾ ಕೆಡವಿ
ತಳದಾಗ ಬಳ್ಳು ಆಡಿಸಿದಳು.
ಐತಿ ನೋಡು, ಅಂದಳು, ಇಲ್ಲೇ ಐತಿ.
ಹೆಬ್ಬಟ್ಟಿನಷ್ಟು ತೂತು. ತೂತಿನ ತುಂಬ ಸೀಸ.

‘ಹತ್ತು ಸೇರು ಆರಿಸಿದರ ಇಷ್ಟು ಅಂತ ಪಗಾರ.
ಬುಟ್ಟಿ ತುಳಕತಿತ್ತು, ನಮ್ಮ ಪರಡಿ ಇಳೀತಿರಲಿಲ್ಲ.
ಇನ್ನೊಂದು ಹಿಡಿ ಹಾಕ ಅಂತಿದ್ದ. ಇನ್ನೊಂದು.
ಹಿಡಿ ಏನ ಭಾರಿರತೈತಿ, ಅರಳಿ ಅಲ್ಲೇನು?
ನೀಲವ್ವಕ್ಕ ಒಂದಿನ ಈ ಕಲ್ಲು ಡಬ್ಬ ಹಾಕಿದಳು.
ಮರುದಿನ ಆಕಿಗೆ ಗೇಟ ತೆಗೀಲಿಲ್ಲ.’
ಸೆರಗಿಲೆ ಕೈ ಒರಸಿಕೊಂಡು, ನನ್ನ ಬೋರ್ಡಿನ ಕಡೆ ನೋಡಿ,
‘ಚೆಂದ ಬರದೀಯಪಾ’ ಅಂದಳು. ಹೋದಳು.

ಸಾಹೇಬ್ರಿಗೆ ಹೇಳಿದೆ.
ಎಲ್ಲಾ ಕಲ್ಲಿಗೂ ಸೀಸ ಇರುತ್ತೆ ದಾವಲಸಾಬ,
ತೂಕ ಸರಿ ಮಾಡಲಿಕ್ಕೆ ಹಾಕಿರ್ತಾರೆ.
ಇದ್ದೀತು. ನಾ ಏನ ಬಲ್ಲೆ.
ತೂಗಿ ನೋಡೋಣ್ರಿ ಅಂದೆ.
ಮುಂದಿನ ಮೀಟಿಂಗಿನಲ್ಲಿ ಇಡೋಣ, ಅಂದ್ರು,
ಕೊಟ್ಟವರ ಮೊಮ್ಮಗ ಕಮಿಟಿಯೊಳಗ ಅದಾನ.

ಆ ರಾತ್ರಿ ಬಿಲ್ಲು ಬರ್ಯಾಕ ಕುಂತು
ಊರ ತುಂಬ ಬರದ ಬೋರ್ಡು ನೆನಪಾದವು:
ಕಿರಾಣಿ, ದವಾಖಾನಿ, ಸಾಲಿ,
ಸತ್ತವರ ಹೆಸರಿನ ಬಸ್ ಸ್ಟ್ಯಾಂಡು.
ಎಷ್ಟು ಒತ್ತು ಎಳದೀನೋ ಈ ಕೈಲೆ, ಎಣಿಸಿಲ್ಲ.
ಒತ್ತು ಬಿಟ್ಟು ಓದಿದರ ಕಲ್ಲು ಬರೇ ಕಲು.
ಬಿಲ್ಲಿನಾಗ ಅದನ್ನ ಬ್ಯಾರೆ ಸಾಲಿನಾಗ ಹಾಕಿದೆ.
ಕೊಡತಾರ ಅಂತಲ್ಲ.

ಈಗ ಟಿಕೀಟು ಹತ್ತು ರೂಪಾಯಿ. ಹೊಳಿಯವ್ವ ಮತ್ತ ಬಂದಿಲ್ಲ.
ಆದರ ದಿನಾ ಮುಂಜಾನೆ ಬಾಗಲಾ ತೆಗೆದರ
ಕಲ್ಲು ಡಬ್ಬ ಬಿದ್ದಿರತೈತಿ, ಸೀಸ ಮ್ಯಾಲೆ.
ಸಿಪಾಯಿ ಗೊಣಗಕೋತ ನೆಟ್ಟಗ ಇಡತಾನ,
ಇಲಿ ಅಂತಾನ, ಹತ್ತು ಸೇರು ಕೆಡವೋ ಇಲಿ.
ನಾ ಏಣಿ ಮ್ಯಾಲೆ ಇರತೇನಿ, ಮಾತಾಡೂದಿಲ್ಲ.
ಅರಳಿ ಉದರೂದರಿಂದ ಬಣ್ಣ ಒಣಗಾಕ ತಡಾ.
ಎರಡನೇ ಕೋಟ್ ಮುಗಿಯೋತನ
ರಾತ್ರಿ ಕೀಲಿ ನನ್ನ ಹತ್ರ ಇರತೈತಿ.