ರಟ್ಟಿನ ಡಬ್ಬಿಯ ಮೇಲೆ ಎರಡು ಊರು

ಒಂದು ಎಚ್‌ಪಿ ಮೋಟಾರು ಬಂದ ರಟ್ಟಿನ ಡಬ್ಬಿ.
ಅದರ ಬೆನ್ನಿಗೆ ಪೈಪಿನ ತುಂಡಿಟ್ಟು
ನಡುವೆ ಒಂದು ಗೆರೆ ಎಳೆದ ಲ್ಯಾನ್ಸಿ.
ಎಡಕ್ಕೆ ಗ್ರನಾಡಾ, ಬಲಕ್ಕೆ ವಲೆನ್ಸಿಯಾ.

ನಿಝ್ವಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿಗೆ ಬೀಗ.
ಶಟರಿನ ಒಳಗೆ ನಾವಿಬ್ಬರು, ಒಂದು ಫ್ಯಾನು,
ಎರಡು ವರ್ಷಕ್ಕೊಮ್ಮೆ ಸಿಗುವ ನಲವತ್ತು ದಿನದ ರಜೆ.
ಅದರಲ್ಲಿ ಒಂಬತ್ತು ದಿನ
ಮನೆಯವರಿಗೂ ಹೇಳದೆ ಕದ್ದಿಟ್ಟುಕೊಂಡಿದ್ದೆವು.

ಗ್ರನಾಡಾದಲ್ಲಿ ಒಂದು ಗ್ಲಾಸು ತಗೊಂಡ್ರೆ
ಜೊತೆಗೆ ಒಂದು ತಟ್ಟೆ ತಿಂಡಿ ಪುಕ್ಕಟೆ ಉಂಟು ಮಾರಾಯ!
ಕಿನ್ನಿಗೋಳಿಯವನು; ಗ್ಲಾಸಿನ ಮೇಲೆ ಭಕ್ತಿ.
ಮೂರು ಗ್ಲಾಸಿಗೆ ರಾತ್ರಿಯ ಊಟ ಮುಗಿಯಿತು,
ಒಂಬತ್ತು ಯೂರೋ, ನಾಲ್ಕು ರಿಯಾಲಿಗೂ ಕಮ್ಮಿ.
ನಾ ಕುಡಿಯಂಗಿಲ್ಲಲ್ಲೋ, ಅಂದೆ.
ಬರೇ ನೀರು ಕೇಳಿದರೂ ತಟ್ಟೆ ಬರ್ತದೇನು?
ಪೆನ್ನು ಕಚ್ಚಿದ. ಎಡಗಡೆ
ಒಂದು ಪ್ರಶ್ನೆಚಿಹ್ನೆ ಬಿತ್ತು.

ನನ್ನದು ವಲೆನ್ಸಿಯಾ.
ನದಿಯನ್ನು ಊರಾಚೆ ತಿರುಗಿಸಿ
ಖಾಲಿಯಾದ ಪಾತ್ರದಲ್ಲಿ ತೋಟ ಮಾಡಿದ್ದಾರಂತೆ,
ಮೈಲುಗಟ್ಟಲೆ ನೆರಳು, ಟಿಕೇಟಿಲ್ಲ.
ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲಲ್ಲಿ
ಕರಿ ಅಂಗಿಯ ರೈತರು ಕೂತು
ಕಾಲುವೆ ನೀರಿನ ಜಗಳ ಬಾಯಿಮಾತಲ್ಲೇ ತೀರಿಸುತ್ತಾರಂತೆ.
ಬರೆ: ಗುರುವಾರ, ಪುಕ್ಕಟೆ.

ನೀರಿನ ಜಗಳ ನೋಡ್ಲಿಕ್ಕೆ ಸ್ಪೇನಿಗೆ ಹೋಗಬೇಕಾ?
ನಾಳೆ ಬೆಳಗ್ಗೆ ಐದಕ್ಕೆ
ನಮ್ಮ ಬಾತ್‌ರೂಮಿನ ಮುಂದೆ ನಿಲ್ಲು.

ಅವನಿಗೆ ಹೇಗೆ ಹೇಳಲಿ.
ಬೀದರಿನ ಸುರಂಗ ಬಾವಿಗೆ, ಹೂಳೆತ್ತುವ ಕೂಲಿಗೆ,
ಒಂದು ಬೇಸಿಗೆ ಇಳಿದಿದ್ದೆ.
ಮೊಣಕಾಲಿಗೆ ತಣ್ಣನೆ ನೀರು,
ತಲೆ ಮೇಲೆ ಎಂಟಾಣೆಯಷ್ಟು ಆಕಾಶ.
ಇಲ್ಲಿಗೆ ಬಂದ ಮೊದಲ ವಾರ
ಫಲಜಿನ ಕಲ್ಲುಗಾಲುವೆಯಲ್ಲಿ ಕಾಲಿಟ್ಟಾಗ
ಕಾಲಿಗೆ ಗುರುತು ಸಿಕ್ಕಿತು.
ನೀರಿನ ಪಾಳಿ ಹಂಚುವ ಮುದುಕ ಖಲ್ಫಾನನಿಗೆ
ಈ ಊರಲ್ಲಿ ವಕೀಲ ಅನ್ನುತ್ತಾರೆ.
ಕರಿ ಕೋಟಿಲ್ಲ, ವಾಯಿದೆಯಿಲ್ಲ,
ಒಂದು ಕೋಲು, ಅದರ ನೆರಳು.
ಆ ನೀರಿನ ಮೂರನೇ ಊರು ನೋಡಬೇಕಿತ್ತು,
ಅಷ್ಟೇ.

ಆಮೇಲೆ ಮಲಗುವ ಲೆಕ್ಕ.
ಎಂಟು ಜನಕ್ಕೆ ಒಂದು ಕೋಣೆ, ಮೇಲೊಂದು ಕೆಳಗೊಂದು ಮಂಚ,
ಗ್ರನಾಡಾ ಹದಿನೇಳು ಯೂರೋ, ವಲೆನ್ಸಿಯಾ ಇಪ್ಪತ್ತೊಂದು.
ಇಬ್ಬರೂ ಒಟ್ಟಿಗೇ ತಲೆ ಎತ್ತಿ ಅಟ್ಟದ ಕಡೆ ನೋಡಿದೆವು.
ಅಲ್ಲಿ ಆರು ಜನ, ಮೇಲೊಂದು ಕೆಳಗೊಂದು,
ತಿಂಗಳಿಗೆ ಇಪ್ಪತ್ತು ರಿಯಾಲು, ಸಂಬಳದಲ್ಲಿ ಕಡಿತ.
ಇದಕ್ಕೇ ಅಲ್ಲಿ ಪ್ರವಾಸ ಅನ್ನುತ್ತಾರೆ.
ಬೆನ್ನಿಗೆ ಹೊರೆ ಕಟ್ಟಿಕೊಂಡು
ತಾನಾಗೇ ನಡೆಯುವುದಕ್ಕೂ ಒಂದು ಹೆಸರುಂಟಂತೆ.
ಮೋಟಾರು ಹೊತ್ತು ಖರ್ಜೂರದ ತೋಟಕ್ಕಿಳಿಯುವ ಲ್ಯಾನ್ಸಿ
ಹೆಗಲಿನ ಗಂಟು ಒತ್ತಿಕೊಂಡು ಹೇಳಿದ:
ಹಾಗಾದ್ರೆ ನಂಗೆ ಅನುಭವ ಉಂಟು.

ಶಟರು ಎತ್ತುವ ಹೊತ್ತಿಗೆ ಮೊತ್ತ ಬಿದ್ದಿರಲಿಲ್ಲ.
ಡಬ್ಬಿಯನ್ನು ಮೂಲೆಗಿಟ್ಟೆವು.

ಮರುದಿನ ಹೊಸ ಹುಡುಗ ಶಫಿಉಲ್ಲ,
ಇರೋದರಲ್ಲಿ ಗಟ್ಟಿ ಡಬ್ಬಿ ಅಂತ
ಅದರಲ್ಲೇ ಒಂದು ಮೋಟಾರು ತುಂಬಿ, ಟೇಪು ಸುತ್ತಿ
ಬಹ್ಲಾದ ತೋಟಕ್ಕೆ ಕಳಿಸಿಬಿಟ್ಟ.

ಈಗ ಲೆಕ್ಕ ನೆನಪಿನ ಮೇಲೆ ನಡೆಯಿತು.
ಲ್ಯಾನ್ಸಿಯ ನೆನಪಲ್ಲಿ ಗ್ರನಾಡಾ
ದಿನಕ್ಕೊಂದು ಯೂರೋ ಸೋವಿಯಾಯಿತು.
ನನ್ನದರಲ್ಲಿ ವಲೆನ್ಸಿಯಾಕ್ಕೆ ಎರಡು ಗುರುವಾರ ಬಂದವು.
ಅವನು ಸುಳ್ಳ ಅಂದೆ. ನೀನು ಜಿಪುಣ ಅಂದ.
ಎರಡು ದಿನ ಸ್ಪ್ಯಾನರ್ ಕೇಳುವುದಕ್ಕೂ
ಶಫಿಉಲ್ಲನ ಬಾಯಿಯೇ ಬೇಕಾಯಿತು.

ಮೂರನೇ ದಿನ ಬಹ್ಲಾದಿಂದ ಫೋನು.
ಮೋಟಾರು ಚೆನ್ನಾಗಿದೆ, ಹಮ್ದುಲಿಲ್ಲಾ, ನೀರು ಎತ್ತುತ್ತಿದೆ.
ಆದರೆ ಡಬ್ಬಿಯ ಮೇಲೆ ಕೈಬರಹ,
ದುಂಡು ದುಂಡು ಅಕ್ಷರ, ನಡುವೆ ಗೆರೆ, ಅಂಕಿಗಳು.
ಹಿಂದಿ ಓದುವವನಿಗೂ ತಿಳಿಯಲಿಲ್ಲ.
ಏನದು, ಗ್ಯಾರಂಟಿಯಾ?

ಲ್ಯಾನ್ಸಿ ನನ್ನ ಮುಖ ನೋಡಿದ.
ಹೌದು, ಅಂದೆ. ಎರಡು ವರ್ಷ.
ಡಬ್ಬಿ ಬಿಸಾಡಬೇಡಿ.