ಬಾಬಿನ್

ಹೊಲಿಗೆ ಮಿಷಿನ್ನಿಗೆ ಎರಡು ನೂಲು.
ಮೇಲಿನದು ಕಿತ್ತಳೆ, ಎಲ್ಲರ ಕಣ್ಣಿಗೂ ಬೀಳುತ್ತದೆ,
ಜೀನ್ಸಿನ ಅಂದವೆಲ್ಲ ಅದರದೇ.
ಕೆಳಗಿನದು ತಗಡಿನ ಮುಚ್ಚಳದೊಳಗೆ, ಬಾಬಿನ್ನಿನಲ್ಲಿ.
ಅದು ಮುಗಿದರೆ ಮಿಷಿನ್ ಹೇಳುವುದಿಲ್ಲ.
ಸೂಜಿ ಕುಟ್ಟುತ್ತಲೇ ಇರುತ್ತದೆ, ಅದೇ ಸದ್ದು,
ಬಟ್ಟೆ ಎತ್ತಿದರೆ
ಒಂದು ಗೇಣು ಹೊಲಿಗೆ ಸುಮ್ಮನೆ ಬಿಚ್ಚಿ ಬರುತ್ತದೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ
ಹದಿನಾಲ್ಕು ವರ್ಷ ಕೂತು ಹೊಲಿದವಳು ನಾನು, ಸುಂಕಮ್ಮ.
ಡಾಕ್ಟರು ಹೇಳುವ ಮೊದಲೇ
ಇಷ್ಟು ನನಗೆ ತಿಳಿಯಬೇಕಿತ್ತು.

"ಮುಟ್ಟು ಸರಿಯಾಗಿ ಆಗುತ್ತಾ?"
ಆಗುತ್ತೆ ಮೇಡಂ. ಮೊದಲು ಮೂವತ್ತಕ್ಕೆ, ಈಗ ಇಪ್ಪತ್ತೈದಕ್ಕೇ.
ಬೇಗ ಬಂದರೆ ಒಳ್ಳೇದಲ್ಲವಾ, ಎಂದೆ.
ಅವರು ಪೆನ್ನು ಕೆಳಗಿಟ್ಟರು.

ಎರಡನೇ ದಿನ ಸ್ಕ್ಯಾನಿಂಗು.
ಪರದೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ.
"ಬಲಕ್ಕೆ ಎರಡು, ಎಡಕ್ಕೆ ಒಂದು," ನರ್ಸು ಬರೆದುಕೊಂಡಳು
ಪೀಸಿನ ಲೆಕ್ಕ ಬರೆಯುವ ಮೇಸ್ತ್ರಿಯ ಹಾಗೆ.
ರಕ್ತದ ಚೀಟಿಯಲ್ಲಿ
ಎ.ಎಂ.ಎಚ್. ಸೊನ್ನೆ ಪಾಯಿಂಟ್ ನಾಲ್ಕು.

ಹೆಣ್ಣು ಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ
ಅದರ ಪಾಲಿನ ತತ್ತಿಯೆಲ್ಲ ಸುತ್ತಿಟ್ಟು ಆಗಿರುತ್ತದಂತೆ.
ಆಮೇಲೆ ಕೂಡುವುದಿಲ್ಲ, ತೀರುವುದಷ್ಟೇ.
ಕೆಲವರಿಗೆ ನಿಧಾನ. ನನಗೆ ಬೇಗ.
ಏನು ತಪ್ಪು ಮಾಡಿದೆ, ಕೇಳಿದೆ.
"ಏನೂ ಇಲ್ಲ. ಎಷ್ಟೋ ಮಂದಿಗೆ ಕಾರಣ ಸಿಗುವುದೇ ಇಲ್ಲ."
ಕಾರಣ ಇಲ್ಲದ್ದನ್ನು ಮನೆಗೆ ಹೇಗೆ ಒಯ್ಯಲಿ?

ಅತ್ತೆಯ ಹತ್ತಿರ ಕಾರಣಗಳಿದ್ದವು:
ಪಪ್ಪಾಯಿ, ಬಣ್ಣದ ನೀರು, ರಾತ್ರಿ ಪಾಳಿ, ನನ್ನ ನಗು.
ಅವ್ವ ಮಾತ್ರ ಕಂಬಕ್ಕೆ ಒರಗಿ ಹೇಳಿದಳು:
"ನೀನು ಹೊಟ್ಟೆಯಾಗ ಇದ್ದಾಗ ಸಂಡೂರಿನಾಗ ಅದಿರು ಹೊತ್ತೆ,
ಅಲ್ಲೇ ಎಲ್ಲೋ ಉದುರಿ ಹೋದುವೇನವ್ವಾ."
ನಾನು ನಕ್ಕೆ. ಅವಳು ನಗಲಿಲ್ಲ.

ಹೆಚ್ಚು ಮಾಡುವ ಗುಳಿಗೆ ಇಲ್ಲವಾ ಮೇಡಂ?
"ಇದೆ ಅನ್ನುವವರ ಹತ್ತಿರ ಹೋಗಬೇಡ.
ಲೆಕ್ಕ ಕಮ್ಮಿ, ಅಷ್ಟೇ. ನಿನಗಿನ್ನೂ ಮೂವತ್ಮೂರು,
ಇರುವುದು ಕೆಟ್ಟದ್ದು ಅಂತಲ್ಲ.
ಇರುವಷ್ಟನ್ನು ಒಟ್ಟಿಗೆ ಎಬ್ಬಿಸಿ ನೋಡೋಣ."
ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿದೆ,
ಇರುವುದು ಕೆಟ್ಟದ್ದಲ್ಲ, ಇರುವುದು ಕೆಟ್ಟದ್ದಲ್ಲ.

ನಮ್ಮಲ್ಲಿ ಫ್ರಿಜ್ ಇಲ್ಲ.
ಹತ್ತು ದಿನದ ಇಂಜೆಕ್ಷನ್ ಮಾಬುನ್ನಿಯ ಮನೆಯಲ್ಲಿ,
ಮೊಸರಿನ ಗಡಿಗೆ, ಹಸಿಮೆಣಸಿನಕಾಯಿಯ ನಡುವೆ.
ಕರೆಂಟು ಹೋದರೆ ನನಗಿಂತ ಮೊದಲು
ಅವಳೇ ಐಸಿಗೆ ಓಡುತ್ತಿದ್ದಳು, ಸೆರಗು ಬಿಗಿದು.
ಏಳು ಗಂಟೆಗೆ ಎರ್ರಿಸ್ವಾಮಿ ಬರುತ್ತಿದ್ದ,
ವಾಷಿಂಗ್ ಯೂನಿಟ್ಟಿನ ನೀಲಿ ಅವನ ಉಗುರು ಬಿಡುವುದಿಲ್ಲ.
ಸೂಜಿ ಹಿಡಿದ ಕೈ ಗಡಗಡ.
ಇತ್ತ ಕೊಡು, ಎಂದೆ.
ಸೂಜಿ ನನ್ನ ಕಸುಬು.

ಮೂರು ಕಂಡವು, ಸಿಕ್ಕವು ಎರಡು.
ಕೂಡಿದ್ದು ಒಂದು.
ಅದನ್ನು ಒಳಗಿಟ್ಟ ಹನ್ನೆರಡನೇ ದಿನ
ಬೆಳಗಿನ ಜಾವ ಪಾಯಿಖಾನೆಯಲ್ಲಿ ಗೊತ್ತಾಯಿತು.
ಐದು ಸಾವಿರ ಪ್ಯಾಂಟಿನ ಕೂಲಿ.
ಅವತ್ತೂ ಕೆಲಸಕ್ಕೆ ಹೋದೆ.
ಜೇಬು ಹೊಲಿದೆ, ಬರೀ ಜೇಬು.

ಈಗ ಮೇಡಂ ಎರಡು ದಾರಿ ಹೇಳಿದ್ದಾರೆ.
ಇನ್ನೊಂದು ಸಲ ನಮ್ಮದೇ.
ಇಲ್ಲವೇ ಬೇರೆ ಹೆಂಗಸಿನ ತತ್ತಿ,
ಯಾರು, ಯಾವ ಊರು, ಹೇಳುವುದಿಲ್ಲ,
ಹೊರುವವಳು ನಾನು, ಹೆರುವವಳು ನಾನು.
ಎರ್ರಿಸ್ವಾಮಿ ಅಂದ: "ನೀನು ಅಂದಂಗ."
ನನಗೆ ಸಿಟ್ಟು ಬಂತು. ಅವನಾದರೂ ಏನಾದರೂ ಅನ್ನಬಾರದೇ.

ಇವತ್ತು ಒಂದು ಪ್ಯಾಂಟು ಒಳಮೈ ತಿರುವಿ ನೋಡಿದೆ.
ಹೊರಗೆ ಕಿತ್ತಳೆ, ಒಳಗೆ ಬೂದಿ ಬಣ್ಣ.
ಆ ಬಾಬಿನ್ ನಾನು ಸುತ್ತಿದ್ದಲ್ಲ,
ಹಿಂದಿನ ಪಾಳಿಯವಳು ಯಾರೋ ಬಿಟ್ಟು ಹೋದದ್ದು.
ಹೊಲಿಗೆ ನನ್ನದೇ.
ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.
ಬಿಡಲಿಲ್ಲ.

ಹಾಗಂತ ಒಪ್ಪಿಬಿಟ್ಟೆ ಅಂತಲ್ಲ.
ಇನ್ನೂ ಯೋಚಿಸುತ್ತಿದ್ದೇನೆ.
ಗೋಡೆಯಾಚೆಯಿಂದ ಮಾಬುನ್ನಿ ಕೂಗುತ್ತಾಳೆ:
"ಸುಂಕಿ, ಬಕ್ರೀದ್ ಬಂತು, ಫ್ರಿಜ್ ತುಂಬಾ ಮಟನ್ ಇಡ್ತೀನಿ.
ನಿನಗೆ ಒಂದು ಖಾನೆ ಬಿಡಲೋ ಬೇಡವೋ,
ಈಗಲೇ ಹೇಳೇ."